ಕ್ಯಾಲಮ್‌ನ ಬಂಡೆ

ಲಾಖ್ಲನ್‌ನ ಅಪ್ಪ ರೂರಿ ಮುಳುಗಿ ಸತ್ತ ಕಡಲ ಬಂಡೆಗೆ ಊರು ಇಟ್ಟದ್ದು ಬದುಕಿ ಬಂದವನ ಹೆಸರು. ಆ ಸಿಟ್ಟು ಲಾಖ್ಲನ್‌ಗೆ ಇವತ್ತಿಗೂ ಆರಿಲ್ಲ. ಒಡೆದದ್ದು ಒಂದೇ ದೋಣಿ, ನೀರಿಗೆ ಬಿದ್ದವರು ಇಬ್ಬರು. ಕ್ಯಾಲಮ್ ಬಂಡೆ ಹತ್ತಿ ಕೂತ, ರೂರಿ ಹೋದ. ಕೂತವನ ಹೆಸರೇ ನಿಂತಿತು: ತೀರದ ಹಳೆಯ ಗೇಲಿಕ್ ನುಡಿಯಲ್ಲಿ ಸ್ಕೆರ್ ಖಾಲಿಮ್, ಅಂದರೆ ಕ್ಯಾಲಮ್‌ನ ಬಂಡೆ.

ದಿನಾ ಬೆಳಿಗ್ಗೆ ದೋಣಿಕಟ್ಟೆಯ ಮೇಲೆ ನಿಂತು ಕ್ಯಾಲಮ್ ಕೈ ಎತ್ತುತ್ತಿದ್ದ. ಲಾಖ್ಲನ್ ಮುಖ ತಿರುಗಿಸಿ ದೋಣಿ ಬಿಡುತ್ತಿದ್ದ. ಹೋದ ಚಳಿಗಾಲ ಕ್ಯಾಲಮ್ ಸತ್ತ. ಸಿಟ್ಟು ಸಾಯಲಿಲ್ಲ.

ಈಗ ಮನೆಯಲ್ಲಿ ಗೇಲಿಕ್ ಮಾತಾಡಲು ಅವನಿಗೆ ಉಳಿದದ್ದು ನಾಯಿ ಮಾತ್ರ. ಹಾಗಿರುವಾಗ ಹೊಸ ನಕ್ಷೆಗಾಗಿ ತೀರದ ಹೆಸರುಗಳನ್ನು ಧ್ವನಿ ಹಿಡಿಯುವ ಯಂತ್ರದಲ್ಲಿ ತುಂಬಿಕೊಳ್ಳಲು ಶೀಲಸ್ ಎಂಬ ಹೆಂಗಸು ಬಂದಳು. ಅವಳನ್ನು ದೋಣಿಯಲ್ಲಿ ಕೂರಿಸಿಕೊಂಡು ಒಂದೊಂದು ಕೊರಕಲು, ಒಂದೊಂದು ಮೂಲೆಯ ಹೆಸರನ್ನೂ ಅದರ ಅರ್ಥವನ್ನೂ ಹೇಳುತ್ತ ಹೋದ. ವರ್ಷಗಳಿಂದ ಅಷ್ಟು ಮಾತು ಅವನ ಬಾಯಿಂದ ಬಂದಿರಲಿಲ್ಲ. ಆ ಬಂಡೆಯ ಹತ್ತಿರ ಬಂದಾಗ ಎಂಜಿನ್ ನಿಲ್ಲಿಸಿದ.

"ಇದು ರೂರಿಯ ಬಂಡೆ. ಹಾಗೇ ಹಾಕ್ಕೊಳ್ಳಿ."

"ನಕ್ಷೆಗೆ ಹೋಗ್ಬೇಕಂದ್ರೆ ಇನ್ನೊಬ್ರು ಹೌದು ಅನ್ಬೇಕು," ಎಂದಳು ಶೀಲಸ್. "ಐರಿಕಮ್ಮನ್ನೂ ಕೇಳ್ತೀನಿ."

ಐರಿಕ್ ಎಂದರೆ ಕ್ಯಾಲಮ್‌ನ ಹೆಂಡತಿ. ಮುದುಕಿ ಮಾತು ತಿರುಗಿಸಿಬಿಟ್ಟರೆ ಎಂದು ಲಾಖ್ಲನ್ ತಾನೂ ಜೊತೆಗೆ ಹೋದ.

"ನನ್ನ ಬಾಗಿಲು ಎಲ್ಲಿದೆ ಅಂತ ಕೊನೆಗೂ ಗೊತ್ತಾಯ್ತಾ? ಮೂತಿ ಮಾತ್ರ ಹಾಗೇ ಇದೆ, ಒಡೆದ ಹಾಲಿನ ಥರ," ಎಂದು ಮುದುಕಿ ಚಹಾ ಬಗ್ಗಿಸಿದಳು. ಶೀಲಸ್ ಬಂಡೆಯ ಹೆಸರು ಕೇಳಿದಳು.

"ಇಲ್ಲಿ, ಒಲೆ ಮುಂದೆ, ರೂರಿಯ ಬಂಡೆ. ನನ್ನ ಗಂಡ ಮನೇಲಿ ಬೇರೆ ಹೆಸರು ಎತ್ತಿದ್ದೇ ಇಲ್ಲ. ಅವನನ್ನ ಕೆಳಗಿಂದ ದಬ್ಬಿ ಮೇಲೆ ಹತ್ತಿಸಿದ್ದೇ ಇವನಪ್ಪ."

"ಮತ್ತೆ ಊರೆಲ್ಲ ಕ್ಯಾಲಮ್ ಕ್ಯಾಲಮ್ ಅಂತಿತ್ತಲ್ಲ!" ಲಾಖ್ಲನ್ ಮೇಜು ಗುದ್ದಿದ. ಬಟ್ಟಲು ಕುಣಿಯಿತು.

"ಮೆಲ್ಲಗೆ ಕಣೋ, ಅದು ನನ್ನ ಮದುವೆ ಬಟ್ಟಲು. ಮುಳುಗಿದವನ ಹೆಸರನ್ನ ಮುಳುಗಿದ ಜಾಗದಲ್ಲಿ ಯಾರಾದ್ರೂ ಎತ್ತುತ್ತಾರೇನೋ? ಎತ್ತಿದ್ರೆ ಕಡಲು ಆ ಮನೆಯಿಂದಲೇ ಇನ್ನೊಬ್ಬನ್ನ ಕೇಳುತ್ತೆ. ಆ ಮನೇಲಿ ಉಳಿದಿದ್ದು ನೀನೊಬ್ಬ. 'ಬೇಕಾದ್ರೆ ನನ್ನನ್ನ ಕರೀಲಿ' ಅಂತ ನನ್ನ ಗಂಡ ತನ್ನ ಹೆಸರನ್ನೇ ಅಲ್ಲಿಟ್ಟ. ದೋಣಿಯವರಿಗೆಲ್ಲ ಅದನ್ನೇ ಹೇಳಿಕೊಟ್ಟ."

"ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

"ಸತ್ತವನ ಮಗನಿಗೆ ಬಿಡಿಸಿ ಹೇಳೋ ವಿಷಯಾನಾ ಅದು? ಹೇಳಿದ್ರೆ ಕಡಲಿಗೆ ಹೆದರಿ ನೀನು ದಡದಲ್ಲೇ ಕೂತ್ಬಿಡ್ತಿದ್ದೆ. ಅವನು ದಿನಾ ಕಟ್ಟೆ ಮೇಲೆ ನಿಂತಿರ್ತಿದ್ದ. ನೀನು ಯಾವತ್ತು ನಿಂತು ಕೇಳ್ದೆ?"

ಲಾಖ್ಲನ್ ಚಹಾ ಮುಟ್ಟಲಿಲ್ಲ. ಶೀಲಸ್ ಯಂತ್ರವನ್ನು ಅವನತ್ತ ಸರಿಸಿ, ಯಾವ ಹೆಸರು ಹಾಕಲಿ ಎಂದಳು. ನಕ್ಷೆಯಲ್ಲಿ ಅಪ್ಪನ ಹೆಸರು ಬರಲು ಈಗ ಅವನೊಂದು ಹೂಂ ಅಂದರೆ ಸಾಕಿತ್ತು.

"ನಕ್ಷೆ ಹಿಡ್ಕೊಂಡು ಬರೋರು ದೋಣೀಲೇ ಬರ್ತಾರೆ, ಬಂಡೆ ಹತ್ರಾನೇ ಹೆಸರು ಓದ್ತಾರೆ," ಎಂದ. "ಕ್ಯಾಲಮ್‌ನ ಬಂಡೆ ಅಂತಲೇ ಇರಲಿ."

ಮರುದಿನ ಶೀಲಸ್ ಹೊರಟುಹೋದಳು. ಲಾಖ್ಲನ್ ಒಬ್ಬನೇ ದೋಣಿ ಬಿಟ್ಟ. ಕಟ್ಟೆ ದಾಟುವಾಗ, ಕ್ಯಾಲಮ್ ನಿಲ್ಲುತ್ತಿದ್ದ ಕಡೆಗೆ ಕೈ ಎತ್ತಿದ. ಅಲ್ಲಿ ಎರಡು ಕಡಲಹಕ್ಕಿಗಳಿದ್ದವು. ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದುಕೊಂಡು, ಇನ್ನೊಂದನ್ನು ಬಹಳ ಹೊತ್ತು ಹಾಗೇ ಎತ್ತಿಕೊಂಡಿದ್ದ. ಅಷ್ಟೂ ವರ್ಷಗಳ ಬೆಳಗುಗಳು ಬಾಕಿ ಇದ್ದವು.