ರಸಮಟ್ಟನಿಗೆ ಸಂಬಳ ಶುರುವಾದದ್ದು

ನಮ್ಮ ಅಡುಗೆಮನೆಗೆ ಟೈಲ್ಸ್ ಹಾಕಿದವನಿಗೆ ಹೆತ್ತವರು ಇಟ್ಟ ಹೆಸರು ಏನೋ ಇದ್ದಿರಬೇಕು. ಬೀದಿಯವರಿಗೆಲ್ಲ ಅವನು ರಸಮಟ್ಟ. ನೆಲ ಸಮವಾಗಿದೆಯೇ ಎಂದು ನೋಡಲು ಗಾಜಿನ ನಳಿಗೆಯಲ್ಲಿ ಗುಳ್ಳೆ ಆಡುವ ರಸಮಟ್ಟವೆಂಬ ಪಟ್ಟಿಯೊಂದು ಇರುತ್ತದಲ್ಲ, ಅದಿಲ್ಲದೆ ಅವನು ಮನೆ ಬಿಟ್ಟು ಹೊರಡುತ್ತಿರಲಿಲ್ಲ. ಟೀ ಅಂಗಡಿಯ ಮೇಜಿನ ಮೇಲೂ ಅದನ್ನಿಟ್ಟು ನೋಡಿ, ಗಿಡ್ಡ ಕಾಲಿನ ಕೆಳಗೆ ಕಾಗದ ಮಡಚಿ ತುರುಕಿದ ಮೇಲೆಯೇ ಟೀ ಕುಡಿಯುತ್ತಿದ್ದ. ಆಗ ಅವನಿಗೆ ಇಪ್ಪತ್ತಾರು ವಯಸ್ಸು, ಕೆಲಸದಲ್ಲಿ ಎತ್ತಿದ ಕೈ. ಅವನು ಹಾಸಿದ ಬಚ್ಚಲಿನ ಮೂಲೆಯಲ್ಲಿ ತೊಟ್ಟು ನೀರು ನಿಂತದ್ದನ್ನು ಯಾರೂ ಕಂಡವರಿಲ್ಲ.

ಅವನ ಕೈಯಲ್ಲಿ ದುಡ್ಡೂ ನಿಲ್ಲುತ್ತಿರಲಿಲ್ಲ. ಈ ಕೆಲಸದ ಕೂಲಿ ತಿಂಗಳು ನೋಡಿಕೊಂಡು ಬರುವಂಥದ್ದಲ್ಲ. ಒಂದು ಕಟ್ಟಡ ಮುಗಿದರೆ ಐವತ್ತು ಸಾವಿರ ಒಟ್ಟಿಗೆ ಬರುತ್ತದೆ, ಆಮೇಲೆ ಎರಡು ತಿಂಗಳು ನೊಣ ಹೊಡೆಯುತ್ತ ಕೂರಬೇಕು. ಕೈ ತುಂಬಿದಾಗ ರಸಮಟ್ಟ ದೊಡ್ಡ ಧಣಿ. ಗೆಳೆಯರಿಗೆಲ್ಲ ಊಟ, ತನಗೆ ಹೊಸ ಬೂಟು. ಒಂದು ಸಲ ಎದೆಯೆತ್ತರದ ಸ್ಪೀಕರ್ ಒಂದನ್ನು ಕೊಂಡು ತಂದ. ಕೈ ಬರಿದಾದಾಗ ಅದನ್ನು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಅರ್ಧ ಬೆಲೆಗೆ ಮಾರಿದ. ಮುಂದಿನ ಕಟ್ಟಡ ಮುಗಿದಾಗ ಅದೇ ಅಂಗಡಿಯಿಂದ ಅದನ್ನೇ ಮತ್ತೆ ಕೊಂಡ. ಹೀಗೆ ಮೂರು ಸಲ ಆಯಿತು. ಮೂರನೆಯ ಸಲ ಅಂಗಡಿಯವನು ಅದನ್ನು ಮಾರಾಟಕ್ಕೆ ಇಡಲೂ ಇಲ್ಲ. ಹೇಗೂ ಬರುತ್ತಾನೆ ಎಂದು ಬಟ್ಟೆ ಮುಚ್ಚಿ ಹಿಂದಿನ ಕೋಣೆಯಲ್ಲಿ ಇಟ್ಟಿದ್ದ.

ಇದಕ್ಕೆಲ್ಲ ತಡೆ ಬಿದ್ದದ್ದು ಒಂದು ಬಾಡಿಗೆ ಮನೆಯಿಂದ. ರಸಮಟ್ಟ ಸೈಕಲ್ ಅಂಗಡಿಯ ಮಾಳಿಗೆಯಲ್ಲಿ ಇನ್ನಿಬ್ಬರೊಡನೆ ಒಂದೇ ಕೋಣೆಯಲ್ಲಿದ್ದ. ಆ ವರ್ಷ ನಿವೃತ್ತ ಡ್ರಾಯಿಂಗ್ ಟೀಚರ್ ಒಬ್ಬರ ಮಹಡಿ ಮನೆಗೆ ನೆಲ ಹಾಸುವ ಕೆಲಸ ಸಿಕ್ಕಿತು. ಎರಡು ಕೋಣೆ, ಬೆಳಗಿನ ಬಿಸಿಲು ನೇರ ಒಳಗೆ ಬರುವ ಕಿಟಕಿ. ಕೆಲಸ ಮುಗಿಯುವಷ್ಟರಲ್ಲಿ ಅವನಿಗೆ ಆ ಮನೆಯ ಮೇಲೆ ಮನಸ್ಸಾಗಿಬಿಟ್ಟಿತ್ತು. ತಾನೇ ಬಾಡಿಗೆಗೆ ಬರುತ್ತೇನೆಂದು ಕೇಳಿದ. ಟೀಚರ್ ಸಂತೋಷದಿಂದಲೇ ತಿಂಗಳಿಗೆ ಎಷ್ಟು ಬರುತ್ತದೆ ಎಂದು ವಿಚಾರಿಸಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವನು, ಹೋದ ತಿಂಗಳು ಐವತ್ತೆರಡು ಸಾವಿರ, ಅದರ ಹಿಂದಿನ ತಿಂಗಳು ಆರು, ಅದಕ್ಕೂ ಹಿಂದೆ ಏನೂ ಇಲ್ಲ ಎಂದ.

"ನೀನು ಒಳ್ಳೆಯವನೇ ಕಣಪ್ಪಾ," ಎಂದರು ಟೀಚರ್. "ಆದ್ರೆ ನನ್ನ ಔಷಧಿ ಅಂಗಡಿಯವನು ತಿಂಗಳು ತಿಂಗಳು ಕೇಳ್ತಾನೆ. ನಿನ್ನ ಕಟ್ಟಡ ಮುಗಿಯೋವರೆಗೂ ಕಾಯಲ್ಲ."

ತಂಗಿಯ ಮಗ ಎಂಟು ತಿಂಗಳ ಮಟ್ಟಿಗೆ ಮನೆ ಕೇಳಿದ್ದಾನೆ, ಅಷ್ಟರೊಳಗೆ ತಿಂಗಳ ಆದಾಯ ಎಂದು ಏನಾದರೂ ತೋರಿಸಿದರೆ ಮನೆ ನಿನಗೇ ಎಂದೂ ಹೇಳಿದರು.

ಜೋಲುಮುಖ ಹಾಕಿಕೊಂಡು ರಸಮಟ್ಟ ಅಕ್ಕನ ಮನೆಗೆ ಹೋದ. ಅಕ್ಕ ಬಸ್ ಕಂಪನಿಯೊಂದರ ಆಫೀಸಿನಲ್ಲಿ ಇನ್ನೂರು ಡ್ರೈವರುಗಳಿಗೆ ಸಂಬಳದ ಪಟ್ಟಿ ಮಾಡುವವಳು. ತಮ್ಮನ ಕಥೆ ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಆಮೇಲೆ ನಿನ್ನ ತಿಂಗಳ ಖರ್ಚು ಎಷ್ಟು ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಊರವರ ನೆಲ ಎಲ್ಲಾ ಅಳೀತೀಯ, ನಿನ್ನ ಹಾಸಿಗೆ ಎಷ್ಟುದ್ದ ಅಂತ ಒಂದಿನಾನೂ ಅಳೆದಿಲ್ವಲ್ಲೋ."

ಅಂಗೈಯಗಲದ ಒಂದು ಪುಸ್ತಕ ಕೊಟ್ಟು, ಒಂದು ತಿಂಗಳು ಖರ್ಚಾದದ್ದನ್ನೆಲ್ಲ ಬರೆ, ಏನನ್ನೂ ಕಡಿಮೆ ಮಾಡಬೇಡ, ಬರೆದರೆ ಸಾಕು ಎಂದಳು. ಅವನು ಬರೆದ. ತಿಂಗಳ ಕೊನೆಯಲ್ಲಿ ನೋಡಿದರೆ ಬಾಡಿಗೆಗಿಂತ, ಊಟಕ್ಕಿಂತ ಹೆಚ್ಚು ಹೋಗಿದ್ದುದು 'ಇತರೆ' ಎಂಬ ಲೆಕ್ಕಕ್ಕೆ. ಈ ಇತರೆ ಎನ್ನುವವನು ಯಾರು, ಇಷ್ಟು ಸಂಪಾದಿಸುತ್ತಾನಲ್ಲ, ಒಳ್ಳೆ ಹುಡುಗಿ ನೋಡಿ ಮದುವೆ ಮಾಡಿಸೋಣವೇ ಎಂದು ಅಕ್ಕ ಕೇಳಿದಳು. ಮುಂದಿನ ತಿಂಗಳು ಇತರೆಯನ್ನು ಬಿಡಿಸಿ ಬರೆದಾಗ ಅದರಲ್ಲಿ ಅರ್ಧ ತನಗೆ ನೆನಪೇ ಇಲ್ಲದ ಖರ್ಚು ಎಂದು ಅವನಿಗೇ ಕಂಡಿತು.

ಆಮೇಲೆ ಕಂಟ್ರಾಕ್ಟರುಗಳು ಕೊಟ್ಟ ಹಳೆಯ ಚೀಟಿಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಇಬ್ಬರೂ ವರ್ಷದ ಗಳಿಕೆ ಕೂಡಿದರು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಇಪ್ಪತ್ತನಾಲ್ಕು ಸಾವಿರ. ಸಂಬಳ ಹದಿನೆಂಟು ಎಂದು ಅಕ್ಕ ತೀರ್ಮಾನಿಸಿದಳು. ಬ್ಯಾಂಕಿನಲ್ಲಿ ಎರಡು ಖಾತೆ. ಬಂದದ್ದೆಲ್ಲ ಮೊದಲನೆಯದಕ್ಕೆ; ಅದರ ಹೆಸರು ಕಂಪನಿ. ಪ್ರತಿ ತಿಂಗಳ ಒಂದನೇ ತಾರೀಖು ಅಲ್ಲಿಂದ ಹದಿನೆಂಟು ಸಾವಿರ ಎರಡನೆಯದಕ್ಕೆ. ಅವನು ಆ ಕಂಪನಿಯ ನೌಕರ.

ಮೊದಲ ತಿಂಗಳು ಇಪ್ಪತ್ತನೇ ತಾರೀಖಿಗೇ ನೌಕರ ಅಡ್ವಾನ್ಸ್ ಕೇಳಲು ಬಂದ. ಕಂಪನಿಯಲ್ಲಿ ಆ ಪದ್ಧತಿ ಇಲ್ಲ ಎಂದಳು ಅಕ್ಕ. ಮಾಲೀಕರ ಹತ್ತಿರವೇ ಮಾತಾಡುತ್ತೇನೆ ಎಂದ. ಬಚ್ಚಲಲ್ಲಿ ಕನ್ನಡಿ ಇದೆ, ಹೋಗಿ ಮಾತಾಡು ಎಂದಳು. ಆ ಹತ್ತು ದಿನ ಅವನು ನಡೆದುಕೊಂಡೇ ಕೆಲಸಕ್ಕೆ ಹೋದ.

ಎರಡನೆಯ ತಿಂಗಳು ಒಂದು ಎಡವಟ್ಟಾಯಿತು. ಕಂಟ್ರಾಕ್ಟರ್ ಒಬ್ಬ ಕೂಲಿಯನ್ನು ನಗದಾಗಿ ಕೊಟ್ಟ. ಕಂಪನಿಗೆ ಕಟ್ಟಬೇಕಾದ ಆ ದುಡ್ಡಿನೊಂದಿಗೆ ರಸಮಟ್ಟ ಸೀದಾ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋಗಿ ಸ್ಪೀಕರನ್ನು ನಾಲ್ಕನೆಯ ಸಲ ಹೊತ್ತು ತಂದ. ಎರಡು ದಿನ ಹಾಡು ಕೇಳಿದ, ಮೊದಲಿನಂತೆ ಖುಷಿಯಾಗಲಿಲ್ಲ. ಮೂರನೆಯ ದಿನ ತಾನೇ ಹೋಗಿ ಅಕ್ಕನಿಗೆ ಹೇಳಿಕೊಂಡ. ಬೈಯುತ್ತಾಳೆ ಅಂದುಕೊಂಡಿದ್ದ. ಅವಳು ಒಂದು ಹಾಳೆ ತೆಗೆದು, ಕಂಪನಿಯ ಹಣ ದುರುಪಯೋಗವಾದ ಬಗ್ಗೆ ನೌಕರನು ಮೂರು ದಿನದೊಳಗೆ ವಿವರಣೆ ನೀಡತಕ್ಕದ್ದು ಎಂದು ಬರೆದು ಕೈಗಿತ್ತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಮಾರನೆಯ ದಿನ ಸ್ಪೀಕರ್ ಅಂಗಡಿಗೆ ಮರಳಿತು. ಈ ಸಲ ಬೇರೆಯವರಿಗೆ ಮಾರಿಬಿಡಿ ಎಂದು ಹೇಳಿ ಬಂದ.

ನಾಲ್ಕನೆಯ ತಿಂಗಳು ಒಡೆದ ಟೈಲಿನ ಅಂಚು ತಗುಲಿ ಬಲಗೈ ಹೆಬ್ಬೆರಳು ಸೀಳಿತು. ಏಳು ಹೊಲಿಗೆ, ಐದು ವಾರ ಕೈಗೆ ನೀರು ಸೋಕಿಸಬಾರದು ಎಂದರು ಡಾಕ್ಟರು. ಹಿಂದೆಯಾಗಿದ್ದರೆ ಎರಡನೇ ವಾರಕ್ಕೇ ಯಾರ ಮುಂದಾದರೂ ತಲೆ ಕೆರೆಯುತ್ತ ನಿಲ್ಲಬೇಕಾಗುತ್ತಿತ್ತು. ಆದರೆ ಒಂದನೇ ತಾರೀಖು ಎಂದಿನಂತೆ ಸಂಬಳ ಬಂತು. ಅವನು ಬ್ಯಾಂಕಿನ ಮೆಟ್ಟಿಲ ಮೇಲೆ ಕುಳಿತು ಪಾಸ್‌ಬುಕ್ಕಿನ ಆ ಸಾಲನ್ನು ಎರಡು ಮೂರು ಸಲ ಓದಿದ. ಕೆಲಸಕ್ಕೆ ಹೋಗದವನಿಗೂ ಸಂಬಳ ಕೊಡುವ ಧಣಿ ತಾನೇ ಎಂದುಕೊಂಡನಂತೆ. ನನಗೆ ಅವನೇ ಹೇಳಿದ್ದು. ಇಪ್ಪತ್ತನಾಲ್ಕಕ್ಕೆ ಬದಲು ಹದಿನೆಂಟು ಏಕೆ ಎಂದು ಅವನು ಆಮೇಲೆ ಅಕ್ಕನನ್ನು ಕೇಳಲೇ ಇಲ್ಲ.

ಸಂಬಳ ಶುರುವಾಗಿ ಆರು ತಿಂಗಳು ತುಂಬಿದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಟೀಚರ್ ಮನೆಗೆ ಹೋದ. ಅಕ್ಕ ಟೈಪ್ ಮಾಡಿಕೊಟ್ಟಿದ್ದ ಆರು ಸಂಬಳ ಚೀಟಿಗಳನ್ನೂ ಪಾಸ್‌ಬುಕ್ಕನ್ನೂ ಮೇಜಿನ ಮೇಲಿಟ್ಟ. ಟೀಚರ್ ಒಂದೊಂದನ್ನೇ ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಕೊಟ್ಟವನ ಸಹಿ, ತಗೊಂಡವನ ಸಹಿ, ಎರಡೂ ಒಂದೇ ಇದೆಯಲ್ಲೋ?"

"ಹೌದು ಟೀಚರ್. ಎರಡೂ ನಾನೇ. ಆದ್ರೆ ಒಂದು ತಿಂಗಳೂ ತಡ ಆಗಿಲ್ಲ."

ಅವರು ಪಾಸ್‌ಬುಕ್ ತಿರುವಿ ಹಾಕಿ ತಾರೀಖುಗಳನ್ನು ತಾಳೆ ನೋಡಿದರು. ದೊಡ್ಡ ಆಫೀಸಿನಲ್ಲಿರುವ ತಮ್ಮ ಮಗ ಪ್ರತಿ ತಿಂಗಳು ಇಪ್ಪತ್ತೈದಕ್ಕೆ ತಪ್ಪದೆ ಫೋನ್ ಮಾಡುವುದು ತಾಯಿಯ ಯೋಗಕ್ಷೇಮ ಕೇಳಲು ಅಲ್ಲ ಎಂದು ಗೊಣಗಿದರು. ಎದ್ದು ಹೋಗಿ ಬೀಗದ ಕೈ ತಂದು ಕೊಟ್ಟರು.

ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ಈಗ ಭಾನುವಾರಗಳಂದು ಪೇಂಟರ್ ಒಬ್ಬ, ಪ್ಲಂಬರ್ ಒಬ್ಬ, ಮದುವೆಗಳಲ್ಲಿ ಫೋಟೋ ತೆಗೆಯುವ ಹುಡುಗಿ ಒಬ್ಬಳು ಅಕ್ಕನ ಮನೆಯಲ್ಲಿ ಚೀಟಿಗಳನ್ನು ಹರಡಿಕೊಂಡು ಕೂರುತ್ತಾರೆ. ಅವರೆಲ್ಲರ ಆದಾಯವೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಜಾತಿಯದು. ರಸಮಟ್ಟನ ಸಂಬಳ ಎರಡು ಸಲ ಏರಿದೆ. ಪ್ರತಿ ಸಲವೂ ಅವನು ಮೂರು ಸಾವಿರ ಕೇಳಿ, ವಾರಗಟ್ಟಲೆ ವಾದ ಮಾಡಿ, ಒಂದಕ್ಕೆ ಒಪ್ಪಿದ್ದಾನೆ.

ಈ ವರ್ಷ ಕಂಪನಿ ಅವನಿಗೆ ಹತ್ತು ದಿನದ ಸಂಬಳಸಹಿತ ರಜೆ ಕೊಟ್ಟಿತು. ಅಕ್ಕ ತಮ್ಮ ಇಬ್ಬರೂ ಹುಟ್ಟಿದ ಮೇಲೆ ಸಮುದ್ರ ನೋಡಿದವರಲ್ಲ. ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಹೋದರು. ಮೊದಲ ದಿನ ಅಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ದೂರವೇ ನಿಂತಿದ್ದಳು. ಎರಡನೆಯ ದಿನ ಮೊಣಕಾಲಿನವರೆಗೆ ನೀರಿಗಿಳಿದು, ಬಾರೋ ಎಂದು ತಮ್ಮನನ್ನು ಕರೆದಳು.