ಬಲಗಡೆಯ ಸಲಾಂ

ಒಂದೇ ಕೆಲಸವನ್ನು ಎರಡು ಸಲ ಮಾಡು ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಗೆದು ಹರವಿದ ಬಟ್ಟೆಯ ಮೇಲೆ ಕಾಗೆ ಗಲೀಜು ಮಾಡಿದರೆ ಅದರ ವಂಶವನ್ನೆಲ್ಲ ಬೈಯುವವಳು ನಾನು. ಇಂಥವಳು ಎಂಬತ್ತರ ದಶಕದ ಶುರುವಿನಲ್ಲಿ, ಗಂಡನಿಗೆ ಫ್ಯಾಕ್ಟರಿ ಕೆಲಸ ಸಿಕ್ಕಿತೆಂದು ಕೋಲಾರದ ಕಡೆಯಿಂದ ಹೊಸೂರಿಗೆ ಬಂದು, ದಿನಕ್ಕೆ ಐದು ಹೊತ್ತು ನಮಾಜು ಮಾಡುವವರ ಮನೆಯ ಹಿಂಭಾಗದಲ್ಲಿ ಬಾಡಿಗೆಗೆ ಇದ್ದೆ.

ಆ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ನಾನು ತಾತ, ಅಜ್ಜಿ ಎನ್ನುತ್ತಿದ್ದೆ. ತಾತ ತಳಿ, ಉದ್ದನಪಲ್ಲಿ ಕಡೆಯ ಹಳ್ಳಿಗಳಿಗೆ ಬೆಂಕಿ ಊದುವ ತಿದಿ ಹೊತ್ತುಕೊಂಡು ಬಸ್ಸಿನಲ್ಲಿ ಹೋಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿ ಬರುತ್ತಿದ್ದರು. ಬಾಯಿ ತೆಗೆದರೆ ಮುಚ್ಚುವವರಲ್ಲ. ನನ್ನೊಂದಿಗೆ ಕನ್ನಡ, ಅಂಗಡಿಯಲ್ಲಿ ತಮಿಳು, ಹಳ್ಳಿಯಲ್ಲಿ ತೆಲುಗು, ಹೆಂಡತಿಯೊಂದಿಗೆ ಉರ್ದು.

ನಮ್ಮ ನಡುವೆ ಒಂದೇ ಗೋಡೆ. ಮಸೀದಿಗೆ ಹೋಗದ ಹೊತ್ತಿನಲ್ಲಿ ಅವರು ಮನೆಯಲ್ಲಿ ನಮಾಜು ಮಾಡಿದರೆ ನನಗೆ ಕೇಳಿಸುತ್ತಿತ್ತು. ಎದ್ದು ನಿಂತಾಗ ಹೇಳುವ ಮೊದಲ ಮಾತುಗಳು ಪ್ರತಿ ಸಲವೂ ಅವೇ. ಇದರಲ್ಲಿ ಏನಿದೆ ಎಂಬ ಕುತೂಹಲ ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ.

"ತಾತ, ಹೇಳಿದ್ದೇ ಹೇಳ್ತೀರಲ್ಲಾ, ದೇವ್ರಿಗೆ ಬೇಜಾರಾಗಲ್ವಾ?"

ಅವರು ಜೋರಾಗಿ ನಕ್ಕರು. "ಐವತ್ತು ವರ್ಷದಿಂದ ಹೇಳ್ತಾ ಇವ್ನಿ ಕಣಮ್ಮ. ನಿಂತ್ಕಂಡ್ರೆ ತಳಿ ಬಸ್ಸು ಗ್ಯಾಪ್ಕ ಬತ್ತದೆ, ಬಗ್ಗುದ್ರೆ ತಿದಿ ತೂತಾಗಿರೋದು ಗ್ಯಾಪ್ಕ ಬತ್ತದೆ. ಪೂರ್ತಿ ಮನ್ಸಿಟ್ಟು ಒಂದ್ಸಲಾನೂ ಹೇಳಿಲ್ಲ. ಅದಕ್ಕೇ ಮತ್ತೆ ಮತ್ತೆ ಹೇಳೋದು."

ಉತ್ತರ ಚೆನ್ನಾಗಿತ್ತು, ಆದರೆ ನನಗೆ ಸಮಾಧಾನವಾಗಲಿಲ್ಲ. ಹಾಗಾದರೆ ಐವತ್ತು ವರ್ಷ ಮನಸ್ಸಿಲ್ಲದೆ ಹೇಳಿದ್ದೆಲ್ಲ ಎಲ್ಲಿ ಹೋಯಿತು ಎಂದು ತಲೆ ಕೊರೆಯುತ್ತಲೇ ಇತ್ತು.

ಎರಡು ವರ್ಷದ ಮೇಲೆ ತಾತನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ನೀರು ಬೇಕು ಎನ್ನಲು ಹೋಗಿ "ಹಾ... ಹಾ..." ಎಂದು ನಿಂತು, ಸಿಟ್ಟಿನಿಂದ ಎಡಗೈಯಲ್ಲಿ ಮಂಚ ಬಡಿಯುತ್ತಿದ್ದರು. ಉಣಿಸುವುದು, ಒರೆಸುವುದು ಯಾವುದಕ್ಕೂ ಅಜ್ಜಿ ಬೇಸರಪಟ್ಟವರಲ್ಲ.

"ಎಲ್ಲಾ ಮಾಡ್ತೀನಿ ಕಣಮ್ಮ. ಈ ಮನೆ ಸದ್ದಿಲ್ದೆ ಇರೋದು ಮಾತ್ರ ನನ್ ಕೈಲಿ ತಡ್ಯಕ್ಕಾಗಲ್ಲ. ನನ್ ಕಡೆ ತಿರುಗಿ ಒಂದ್ ಮಾತಾಡುದ್ರೆ ಸಾಕು," ಎನ್ನುತ್ತಿದ್ದರು.

ಒಂದು ಸಂಜೆ ಅಜ್ಜಿ ಬೀದಿ ನಲ್ಲಿಗೆ ಹೋಗಿದ್ದರು. ನಾನು ತಾತನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಮಸೀದಿಯ ಆಜಾನ್ ಮುಗಿಯಿತು. ದಿಂಬಿಗೆ ಒರಗಿದ್ದ ತಾತ ಎಡಗೈ ಎತ್ತಿದರು. ಗೋಡೆಯಾಚೆಯಿಂದ ನಾನು ಸಾವಿರ ಸಲ ಕೇಳಿದ್ದ ಆ ಮೊದಲ ಮಾತುಗಳು ಒಂದೂ ತೊದಲದೆ ಅವರ ಬಾಯಿಂದ ಬಂದವು.

ಅವರೆಕಾಯಿ ಚೆಲ್ಲಿ ನಾನು ಬೀದಿಗೆ ಓಡಿದೆ. "ಅಜ್ಜೀ, ತಾತ ಮಾತಾಡ್ತಾವ್ರೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಅಜ್ಜಿ ಬಿಂದಿಗೆ ಅಲ್ಲೇ ಬಿಟ್ಟು ಬರಿಗಾಲಲ್ಲಿ ಬಂದರು. ತಾತ ನಮಾಜು ಮುಗಿಸುವವರೆಗೆ ಕಾದು ನಿಂತು, ಆಮೇಲೆ ಮುಖದ ಹತ್ತಿರ ಬಗ್ಗಿ ಏನು ಬೇಕು ಎಂದು ಕೇಳಿದರು. ತಾತ ಬಾಯಿ ತೆರೆದರು. "ಹಾ... ಹಾ..."

ಅಜ್ಜಿ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಮರಳಿ ಹೋಗಿ ಬಿಂದಿಗೆ ತಂದರು. ನನ್ನ ಬಾಯಿಗೆ ಬೆಂಕಿ ಬೀಳ ಎಂದುಕೊಂಡು ಚೆಲ್ಲಿದ ಕಾಳು ಆರಿಸಿದೆ.

ಇದು ಹೇಗೆ ಸಾಧ್ಯ ಎಂದು ತಿಳಿಯದೆ ನನಗೆ ನೆಮ್ಮದಿಯಿರಲಿಲ್ಲ. ಆಸ್ಪತ್ರೆಯ ನರ್ಸಮ್ಮನನ್ನು ಹರಕು ತಮಿಳಿನಲ್ಲಿ ಕೇಳಿದೆ. ತೀರಾ ರೂಢಿಯಾದ ಮಾತು ಕೆಲವರಿಗೆ ಹಾಗೆ ಉಳಿಯುತ್ತದೆ ಎಂದರು. ಅಂದರೆ ತಾತ ಬಸ್ಸನ್ನೂ ತಿದಿಯನ್ನೂ ನೆನೆಯುತ್ತಾ ಹೇಳಿದ್ದು ಯಾವುದೂ ಹಾಳಾಗಿರಲಿಲ್ಲ. ಕಾಯಿಲೆಯ ಕೈಗೆ ಎಟುಕದಷ್ಟು ಒಳಗೆ ಹೋಗಿ ಕೂತಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಇನ್ನೊಂದು ವಿಚಿತ್ರ ಕಂಡೆ. ಯಾವಾಗಲೂ ಒಳಕೋಣೆಯಲ್ಲಿ ತಮ್ಮ ಪಾಡಿಗೆ ನಮಾಜು ಮಾಡುತ್ತಿದ್ದ ಅಜ್ಜಿ, ಈಗ ತಮ್ಮದನ್ನು ಮೊದಲು ಮುಗಿಸಿ, ತಾತನ ಮುಖ ಕೈಕಾಲು ತೊಳೆಸಿ, ಮಂಚದ ಬಲಗಡೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಏಕೆಂದು ಕೇಳಿದೆ.

"ಕೊನೇಲಿ ಬಲಕ್ಕೊಂದ್ಸಲ, ಎಡಕ್ಕೊಂದ್ಸಲ ತಿರುಗಿ ಸಲಾಂ ಹೇಳ್ಬೇಕು ಕಣಮ್ಮ. ನಿಮ್ಗೆ ಒಳ್ಳೇದಾಗ್ಲಿ ಅಂತ. ಹೆಗಲ ಮೇಲಿರೋ ಫರಿಶ್ತೆಗಳಿಗೆ, ಅಂದ್ರೆ ದೇವದೂತ್ರಿಗೆ, ಪಕ್ಕದಲ್ಲಿರೋ ಜನಕ್ಕೆ. ಪಕ್ಕದಲ್ಲಿ ನಾನಿರ್ತೀನಿ."

ಅವತ್ತು ಮಧ್ಯಾಹ್ನ ಇಳಿಹೊತ್ತಿನ ನಮಾಜು. ನಾನು ಬಾಗಿಲಲ್ಲೇ ನಿಂತೆ. ತಾತ ಕೊನೆಗೆ ಬಲಕ್ಕೆ ತಿರುಗಿದರು. "ಅಸ್ಸಲಾಮು ಅಲೈಕುಮ್ ವರಹ್ಮತುಲ್ಲಾಹ್," ಸ್ಪಷ್ಟವಾಗಿ ಅಜ್ಜಿಯ ಮುಖಕ್ಕೇ ಹೇಳಿದರು. ಅಜ್ಜಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಉತ್ತರ ಕೊಟ್ಟರು. ತಾತ ಎಡಕ್ಕೆ ತಿರುಗಬೇಕಿತ್ತು, ತಿರುಗಲಿಲ್ಲ. ಹೆಂಡತಿಯನ್ನೇ ನೋಡುತ್ತಾ ಉಳಿದರು.

ಅಜ್ಜಿ ಅವರ ಗಲ್ಲಕ್ಕೆ ಎರಡು ಬೆರಳು ಒತ್ತಿ, ಮುಖವನ್ನು ಮೆತ್ತಗೆ ಎಡಕ್ಕೆ ತಿರುಗಿಸಿದರು.

"ಇನ್ನೊಂದ್ ಗಳಿಗೆ ನೋಡ್ಲಿ ಬಿಡಿ ಅಜ್ಜಿ," ಎಂದೆ.

"ಆ ಕಡೇನೂ ಹೇಳಿ ಮುಗಿಸ್ಲಿ ಬಿಡಮ್ಮ," ಎಂದರು ಅಜ್ಜಿ. "ಹೊತ್ತು ಮುಳುಗಿದ್ಮೇಲೆ ಮತ್ತೆ ನನ್ ಹತ್ರ ಮಾತಾಡ್ತಾರೆ."