ಸಿಳ್ಳು ಹೊಡೆದ ಸೆಲ್ಲು

ಕಪಾಟು ಸಿಳ್ಳು ಹೊಡೆಯಿತು.

ತಮಾಷೆಗೆ ಹೇಳುತ್ತಿಲ್ಲ. ಬಸವಕಲ್ಯಾಣದ ನಮ್ಮ ಕಾಕಾರ ಮನೆಯಲ್ಲಿ, ಮಟಮಟ ಮಧ್ಯಾಹ್ನ ನಡೆದದ್ದು. ಕಾಕಾ ತೀರಿಕೊಂಡು ಅಂದಿಗೆ ಮೂರನೆಯ ದಿನ. ಬೆಳಿಗ್ಗೆ ಮಣ್ಣು ಕೊಟ್ಟ ಜಾಗಕ್ಕೆ ಎಡೆ ಒಯ್ದಿಟ್ಟು, ಕಾಗೆ ಮುಟ್ಟಲಿ ಎಂದು ಬಿಸಿಲಲ್ಲಿ ಕಾದೆವು. ಮುಟ್ಟಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದು, ಉಂಡ ಶಾಸ್ತ್ರ ಮಾಡಿ, ಬಾಗಿಲು ಮುಂದೆ ಮಾಡಿ ನೆಲದ ಮೇಲೆ ಕೂತಿದ್ದೆವು. ಆಗ ಕಾಕಾರ ಕಪಾಟಿನೊಳಗಿಂದ ಸಣ್ಣಗೆ ಕುಂಯ್ ಎಂದು ಶುರುವಾಯಿತು.

ಏರಿತು. ಇಳಿಯಿತು. ನಿಲ್ಲಲಿಲ್ಲ.

ಪಕ್ಕದ ಮನೆಯ ಗುರಮ್ಮ ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಕಾಗಿ ಯಾಕ ಮುಟ್ಟಲಿಲ್ಲ ಅಂತ ಈಗ ತಿಳೀತು. ಅವರು ಇನ್ನಾ ಮನ್ಯಾಗೇ ಅದಾರ."

ಕಾಕಾರ ಮಗ ಶರಣಪ್ಪ ನೀರಿನ ತಂಬಿಗೆ ಹಿಡಿದವನು ಹಾಗೆಯೇ ನಿಂತುಬಿಟ್ಟ. ನನಗೂ ಮೈ ಜುಂ ಎಂದಿತು. (ದೆವ್ವಗಿವ್ವ ನಂಬುವುದಿಲ್ಲ ಎಂದು ಇದೇ ಅಂಕಣದಲ್ಲಿ ಕೊಚ್ಚಿಕೊಂಡವಳು ನಾನೇ. ನಂಬದವರ ಮೈಮೇಲೂ ಕೂದಲು ಇರುತ್ತವೆ, ಏನು ಮಾಡುವುದು?)

ಆದರೆ ಆ ದನಿ ನನಗೆ ಗುರುತಿನದು. ಅದನ್ನು ಕೇಳದೆ ಆ ಮನೆಯಲ್ಲಿ ಬೆಳಗಾಗುತ್ತಿರಲಿಲ್ಲ.

ಕಾಕಾರಿಗೆ ಕಿವಿ ಮಂದ. ಅಂಗಿಯ ಕಿಸೆಯಲ್ಲಿ ಕಡ್ಡಿಪೆಟ್ಟಿಗೆಯಷ್ಟು ಒಂದು ಮಷಿನ್ನು, ಅದರಿಂದ ಕಿವಿಗೆ ಸಿಕ್ಕಿಸುವ ಗುಂಡಿಗೆ ಒಂದು ವಾಯರು, ಒಳಗೆ ಒಂದು ಪೆನ್ಸಿಲ್ ಸೆಲ್ಲು. ದಿನಾ ಬೆಳಿಗ್ಗೆ ಅವರ ಹೆಂಡತಿ, ನಮ್ಮ ಕಾಕು, ಮಷಿನ್ನನ್ನೂ ಗುಂಡಿಯನ್ನೂ ಸೇರಿಸಿ ಮುಷ್ಟಿಯಲ್ಲಿ ಮುಚ್ಚಿ ನೋಡುತ್ತಿದ್ದಳು. ಕುಂಯ್ ಅಂದರೆ ಸೆಲ್ಲಿನಲ್ಲಿ ಜೀವ ಇದೆ. ಸುಮ್ಮನಿದ್ದರೆ ಸತ್ತಿದೆ.

ನೀವು ಹೇಗೆ ನೋಡುತ್ತೀರಿ? ರಿಮೋಟಿನ ಬೆನ್ನಿಗೆ ಗುದ್ದುತ್ತೀರಾ? ಎರಡು ಸೆಲ್ಲುಗಳ ಜಾಗ ಅದಲುಬದಲು ಮಾಡುತ್ತೀರಾ? ನೆಲಕ್ಕೆ ಬೀಳಿಸಿ, ಪುಟಿದರೆ ಖಾಲಿ ಅನ್ನುವವರೂ ಇದ್ದಾರೆ. ನಮ್ಮ ಕಡೆ ಇನ್ನೊಂದು ಚಾಳಿ ಉಂಟು. ಸತ್ತ ಸೆಲ್ಲನ್ನು ಎಸೆಯುವುದಿಲ್ಲ, ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕದಲ್ಲಿ ಬಿಸಿಲಿಗೆ ಇಡುತ್ತೇವೆ. ಎರಡು ದಿನ ಬಿಟ್ಟು ಹಾಕಿದರೆ ಮತ್ತೆ ಒಂದಿಷ್ಟು ಹೊತ್ತು ಜೀವ ಬರುತ್ತದೆ. ಕಾಕಾ ಇದರಲ್ಲಿ ಎತ್ತಿದ ಕೈ.

ಇನ್ನೊಂದರಲ್ಲೂ ಎತ್ತಿದ ಕೈ. ಕಾಕು ಬೈಯಲು ಬಾಯಿ ತೆಗೆದರೆ ಸಾಕು, ಆ ಕೈ ಕಿಸೆಗೆ ಹೋಗುತ್ತಿತ್ತು. ಟಕ್. ಸ್ವಿಚ್ ಆಫ್. ಆಮೇಲೆ ಮುಖದ ಮೇಲೆ ಪರಮ ಶಾಂತಿ. "ಸೆಲ್ ಖಾಲಿ ಆಗ್ಯಾದ ನೋಡು" ಅನ್ನುವರು. ಕಾಕು ಮಷಿನ್ ಕಸಿದು ಮುಷ್ಟಿಯಲ್ಲಿ ಮುಚ್ಚುವಳು. ಸ್ವಿಚ್ಚೇ ಆಫ್ ಇದ್ದರೆ ಎಲ್ಲಿಂದ ಕೂಗೀತು? ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು.

ಧೈರ್ಯ ಮಾಡಿ ಎದ್ದು ಕಪಾಟು ತೆಗೆದೆ. ಉಂಡೆದ್ದ ಮೇಲೆ ಶರಣಪ್ಪ, ಕಪಾಟಿನಲ್ಲೇ ಬಿದ್ದಿದ್ದ ಕಾಕಾರ ಚಾಳೀಸು ಕನ್ನಡಕವನ್ನೂ ಮಷಿನ್ನನ್ನೂ ಒಂದು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ್ದ. ಡಬ್ಬಿಯೇ ಮುಷ್ಟಿಯಾಗಿತ್ತು, ಅಷ್ಟೆ. ಮುಚ್ಚಳ ತೆಗೆದೆ. ಸಿಳ್ಳು ನಿಂತಿತು.

ಸ್ವಿಚ್ ಆನ್ ಇತ್ತು. ಕಾಕಾ ಹೋದ ಮೇಲೆ ಕಿವಿಯಿಂದ ತೆಗೆದು ಕಪಾಟಿನಲ್ಲಿಡುವಾಗ ಅದನ್ನು ಆಫ್ ಮಾಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅಷ್ಟು ದಿನವೂ ಅದು ಕಪಾಟಿನಲ್ಲಿ ಎಚ್ಚರವಾಗಿಯೇ ಮಲಗಿತ್ತು. ನಮ್ಮ ಅಳು, ನಮ್ಮ ಪಿಸುಮಾತು, ಎಲ್ಲವನ್ನೂ ದೊಡ್ಡದು ಮಾಡಿ ಯಾವ ಕಿವಿಗೂ ಅಲ್ಲದೆ ಹೇಳುತ್ತಿತ್ತು. ದೆವ್ವಕ್ಕಿಂತ ಇದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಆದರೂ ನಾನು ಎಲ್ಲ ಬಲ್ಲವಳಲ್ಲವೇ? ಕಾಕುಗೆ ಸಮಾಧಾನ ಹೇಳಲು ಹೋದೆ. "ಕಾಕು, ಇದರಾಗ ಇನ್ನಾ ಚಾರ್ಜ್ ಅದ. ಅಂದ್ರ ಕಡೀ ದಿನಾನೂ ಕಾಕಾಗ ನಿನ್ನ ಮಾತು ಕೇಳಸ್ಯಾದ."

ಕಾಕುವಿನ ಮುಖ ನೋಡಿದೆ. ಸಮಾಧಾನದ ಮುಖವಲ್ಲ ಅದು.

"ಕೇಳಸ್ಯಾದ ಅಂತೀ?"

ನಾನು ಹುಮನಾಬಾದಿನಿಂದ ಬಂದು ಮುಟ್ಟಿದ್ದು ಕಾಕಾ ಹೋದ ಮೇಲೆ. ಹಿಂದಿನ ಸಂಜೆ ಏನಾಯಿತು ಎಂದು ನನಗೆ ಗೊತ್ತಿರಲಿಲ್ಲ. ಕಾಕು ಮೆಲ್ಲಗೆ ಹೇಳಿದಳು.

"ಮಾತು ನಿಂತಿತ್ತು. ಕೈ ಎತ್ತಾಕ ಆಗ್ತಿದ್ದಿಲ್ಲ. ಬರೀ ಉಸುರು ಎಳ್ಯಾಕತ್ತಿದ್ರು. ಆಯಿ ಅಂದ್ಳು, ಜೀವ ನಿನ್ನ ಸಲುವಾಗಿ ತಡದದ, ನೀ ಹೋಗ್ರಿ ಅಂದ್ರ ಹೋಗ್ತದ ಅಂತ. ಬಿಡಲೇ ಇಲ್ಲ. ಅಂದುಬಿಟ್ಟೆ. 'ಹೋಗ್ರಿ, ನಾ ಹ್ಯಾಂಗರೆ ಇರ್ತೀನಿ' ಅಂದೆ. ಮರುದಿನ ಬೀದರ ದವಾಖಾನಿಗಿ ಒಯ್ಯಾಕ ಗಾಡಿ ಹೇಳಿತ್ತು. ಗಾಡಿ ಬರೋದ್ರಾಗ ಹೋಗಿಬಿಟ್ರು."

ಡಬ್ಬಿಯತ್ತ ನೋಡಿದಳು. "ಅವತ್ತು ಮುಷ್ಟಿ ಮುಚ್ಚಿ ನೋಡಿದ್ದಿಲ್ಲ, ಸುಮಾ. ಸೆಲ್ ಖಾಲಿ ಇದ್ದೀತು, ಕೇಳಸಂಗಿಲ್ಲ ಅಂತ ತಿಳಕೊಂಡೇ ಅಂದೆ."

ನಾಲಿಗೆ ಕಚ್ಚಿಕೊಂಡೆ. ಬೈಗುಳ ಬಂದಾಗಲೆಲ್ಲ ಕಿಸೆಗೆ ಹೋಗುತ್ತಿದ್ದ ಆ ಕೈ, ಈ ಒಂದು ಮಾತಿಗೆ ಏಳಲಾರದೆ ಬಿದ್ದಿತ್ತು.

ಕಾಕು ಮಷಿನ್ ಇಸಿದುಕೊಂಡಳು. ಗುಂಡಿಯನ್ನು ಸೇರಿಸಿ, ದಿನದ ರೂಢಿಯಂತೆ ಮುಷ್ಟಿಯಲ್ಲಿ ಮುಚ್ಚಿದಳು. ಎಲ್ಲರೂ ಆ ಮುಷ್ಟಿಗೇ ಕಿವಿಗೊಟ್ಟೆವು.

ಸದ್ದಿಲ್ಲ.

"ನೋಡು. ಸತ್ತದ. ಆಗ ಕೂಗಿದ್ದು ಬ್ಯಾರೆ ಏನೋ."

"ಅವ್ವಾ, ಈಗ ಇನ್ನಾ..." ಎಂದು ಶರಣಪ್ಪ ಬಾಯಿ ತೆಗೆದ. ನಾನು ಅವನ ಕಾಲು ತುಳಿದೆ. ಕಾಕುವಿನ ಹೆಬ್ಬೆರಳು ಸರಿದದ್ದನ್ನು ನಾನು ನೋಡಿದ್ದೆ. ಟಕ್. ಗಂಡನಿಂದ ಕಲಿತ ವಿದ್ಯೆ.

"ನಾ ಮೊದಲೇ ಹೇಳಲಿಲ್ಲೇನು?" ಎಂದಳು ಗುರಮ್ಮ ಆಯಿ. ಕಾಕು ಹೌದೆಂದು ತಲೆ ಆಡಿಸಿದಳು. ಮನೆಯಲ್ಲಿ ದೆವ್ವವಾದರೂ ಇರಲಿ, ಸೆಲ್ಲಿನಲ್ಲಿ ಚಾರ್ಜ್ ಇರುವುದು ಅವಳಿಗೆ ಬೇಡವಾಗಿತ್ತು.

ಸಂಜೆ ಹೊರಟಾಗ ಮಷಿನ್ನನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಟ್ಟಳು. "ನಿಮ್ಮೂರ ಬಾಜೂಕಿನ ಮಾಣಿಕನಗರದಾಗ ಕಿವಿ ಕೇಳಸಲಾರದ ಯಾರಿಗರೆ ಕೊಡು. ಹೊಸಾ ಸೆಲ್ ಹಾಕಿ ಕೊಡು ಮತ್ತ."

ಬಸ್ಸು ಇನ್ನೂ ರಾಜೇಶ್ವರ ಊರು ದಾಟಿರಲಿಲ್ಲ. ತೊಡೆಯ ಮೇಲಿದ್ದ ನನ್ನ ಚೀಲದಿಂದ ಸಣ್ಣಗೆ ಕುಂಯ್.

ಪಕ್ಕದಲ್ಲಿ ಕೂತ ಹೆಣ್ಣುಮಗಳು ನನ್ನ ಮೊಣಕೈ ಮುಟ್ಟಿದಳು. "ಅಕ್ಕಾರ, ಫೋನ್ ಬರಾಕತ್ತದ ನೋಡ್ರಿ. ಯಾರೋ ಬಿಡಲಾರದೆ ಕರ್ಯಾಕತ್ತಾರ."

ಚೀಲಕ್ಕೆ ಕೈ ಹಾಕಿದೆ. ಕುಲುಕಾಟಕ್ಕೆ ಸ್ವಿಚ್ ಸರಿದಿರಬೇಕು. (ಸರಿದಿರಲೇಬೇಕು.) ಕರವಸ್ತ್ರ ಬಿಚ್ಚಿದೆ, ನಿಂತಿತು. ಮುಷ್ಟಿಯಲ್ಲಿ ಮುಚ್ಚಿದೆ, ಕೂಗಿತು. ಸತ್ತ ಸೆಲ್ಲಿಗೆ ವಿಶ್ರಾಂತಿ ಸಿಕ್ಕರೆ ಜೀವ ಬರುತ್ತದಲ್ಲ, ಅವತ್ತು ಸತ್ತಿದ್ದಕ್ಕೂ ಆಮೇಲೆ ಹಾಗೆ ಬಂದಿರಬಹುದು, ಕಾಕಾರಿಗೆ ಆ ಮಾತು ಕೇಳಿಸಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅಷ್ಟು ದಿನ ಆನ್ ಇದ್ದ ಸೆಲ್ಲಿಗೆ ವಿಶ್ರಾಂತಿ ಸಿಕ್ಕಿದ್ದಾದರೂ ಯಾವಾಗ?

ಮಷಿನ್ನು ಈಗ ಮಾಣಿಕನಗರದ ಒಬ್ಬ ಅಜ್ಜಿಯ ಕಿವಿಯಲ್ಲಿದೆ, ಹೊಸ ಸೆಲ್ಲಿನ ಸಮೇತ. ಹಳೆಯದನ್ನು ಎಸೆಯಲು ಕೈ ಬರಲಿಲ್ಲ. ನಮ್ಮ ಗೋಡೆ ಗಡಿಯಾರ ನಿಂತು ಬಹಳ ದಿನವಾಗಿತ್ತು, ಅದಕ್ಕೆ ಹಾಕಿದೆ. ಓಡುತ್ತಿದೆ.

ನಿನ್ನೆ ಕಾಕು ಫೋನ್ ಮಾಡಿದ್ದಳು. ಅದೂ ಇದೂ ಮಾತಾಡಿ, ಕೊನೆಗೆ ಕೇಳಿದಳು. "ಆ ಹಳೇ ಸೆಲ್ ಏನ್ ಮಾಡಿದಿ?"

"ಖಾಲಿ ಇತ್ತಲ್ಲ ಕಾಕು, ತಿಪ್ಪ್ಯಾಗ ಒಗದೆ" ಎಂದೆ.

ಆಕೆ ಫೋನ್ ಇಡಲಿಲ್ಲ. ನನ್ನ ತಲೆಯ ಮೇಲೆ ಗಡಿಯಾರ ಟಕ್ ಟಕ್ ಎನ್ನುತ್ತಲೇ ಇತ್ತು. ಕಾಕುಗೆ ಅದು ಕೇಳಿಸಿರಬಹುದೇ?